ನೋವಿನ ಮಾತ್ರೆಗೆ ಇನ್ನು ಚೀಟಿ ಬೇಕು

ಸಂಘದ ಸದಸ್ಯರಿಗೂ ಗ್ರಾಹಕರಿಗೂ ನಮಸ್ಕಾರ.

ಬರುವ ಒಂದನೇ ತಾರೀಖಿನಿಂದ ನಮ್ಮ ಔಷಧ ಮಳಿಗೆಯಲ್ಲಿ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್ ಮಾತ್ರೆಗಳನ್ನು ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ. ಚೀಟಿ ತಂದವರನ್ನೂ ಎರಡು ನಿಮಿಷ ನಿಲ್ಲಿಸಿ ವಿಚಾರಿಸುತ್ತೇವೆ. ಇವು ಶೆಡ್ಯೂಲ್ ಎಚ್ ಔಷಧಿಗಳು, ಅಂದರೆ ಚೀಟಿ ಇದ್ದರಷ್ಟೇ ಮಾರಬೇಕಾದ ಔಷಧಿಗಳ ಸರ್ಕಾರಿ ಪಟ್ಟಿಯಲ್ಲಿರುವವು; ಚೀಟಿ ಕೇಳಬೇಕೆಂಬುದು ಹೊಸ ಕಾನೂನೇನಲ್ಲ. ಮುಖಪರಿಚಯದ ಮೇಲೆ ಕೊಡುತ್ತಾ ಬಂದದ್ದು ನಮ್ಮ ತಪ್ಪು, ಕ್ಷಮಿಸಿ.

ಆದರೆ ‘ಡಾಕ್ಟರಿಂದ ಕಮಿಷನ್ ಬರುತ್ತೆ, ಅದಕ್ಕೇ ಈ ನಾಟಕ’ ಎಂಬ ಮಾತು ಒಪ್ಪಲಾರೆವು. ಒಂದು ಪೈಸೆಯೂ ಬರುವುದಿಲ್ಲ. ಕೌಂಟರಿನಲ್ಲಿ ವಿವರಿಸಿ ಹೇಳಲೆಂದೇ ಇನ್ನೊಬ್ಬ ಫಾರ್ಮಸಿಸ್ಟ್‌ಗೆ ಸಂಬಳ ಕೊಡುತ್ತಿದ್ದೇವೆ. ಐದು ದಿನಕ್ಕೆ ಬರೆದಿದ್ದರೆ ಐದು ದಿನದ್ದನ್ನಷ್ಟೇ ಕತ್ತರಿಸಿ, ಕವರಿನ ಮೇಲೆ ಹೆಸರು, ಎಂ.ಜಿ., ಎಕ್ಸ್‌ಪೈರಿ ಬರೆದು ಕೊಡುತ್ತೇವೆ. ಉಳಿದ ತುಂಡು ಸ್ಟ್ರಿಪ್ಪನ್ನು ಡಿಸ್ಟ್ರಿಬ್ಯೂಟರ್ ವಾಪಸು ತೆಗೆದುಕೊಳ್ಳುವುದಿಲ್ಲ. ಆ ನಷ್ಟ ಯಾರ ತಲೆಗೆ?

‘ಊಟ ಆದ್ಮೇಲೆ ತಗೋತೀನಿ, ಜೊತೆಗೆ ಗ್ಯಾಸ್ ಮಾತ್ರೇನೂ ಇದೆ, ಇನ್ನೇನ್ರೀ ನಿಮ್ಮ ಪ್ರಶ್ನೆ?’ ದಿನಕ್ಕೆ ಹತ್ತು ಸಲ ಕೇಳುವ ಮಾತಿದು. ಆ ಗ್ಯಾಸ್ ಮಾತ್ರೆ, ಅಂದರೆ ಪ್ಯಾಂಟೊಪ್ರಜೋಲ್, ಕಾಯುವುದು ಹೊಟ್ಟೆಯನ್ನು ಮಾತ್ರ, ಅದೂ ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ. ಕಿಡ್ನಿಗೆ ಅದರಿಂದ ರಕ್ಷಣೆಯಿಲ್ಲ. ನೋವು, ಬಾವು ತರುವ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುವನ್ನು ಈ ಮಾತ್ರೆಗಳು ತಡೆಯುತ್ತವೆ. ಜಠರದ ಒಳಪದರವನ್ನು ಕಾಪಾಡುವುದೂ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ ವಸ್ತು. ಇಂಜೆಕ್ಷನ್ ತೆಗೆದುಕೊಂಡರೂ ಔಷಧಿ ರಕ್ತದ ಮೂಲಕ ಜಠರಕ್ಕೂ ಕಿಡ್ನಿಗೂ ತಲುಪುತ್ತದೆ. ಬಿಪಿಗೆ ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್, ಜೊತೆಗೆ ಮೂತ್ರ ಹೋಗಿಸುವ ಮಾತ್ರೆ, ಅದರ ಮೇಲೆ ಡೈಕ್ಲೋಫೆನಾಕ್: ಈ ಮೂರೂ ಸೇರಿದರೆ ಕಿಡ್ನಿ ಸೋಲಬಹುದು. ವಾಂತಿ-ಭೇದಿ ಇದ್ದಾಗಲಂತೂ ಇನ್ನೂ ಬೇಗ. ಬಿಪಿ ಮಾತ್ರೆ ಯಾವುದೆಂದು ನಾವು ಕೇಳುವುದು ಅದಕ್ಕೇ, ಕೆದಕುವ ಚಟಕ್ಕಲ್ಲ.

ಇನ್ನೊಂದು ತೊಡಕು ಬ್ರಾಂಡ್ ಹೆಸರಿನದು. ಮಂಡಿನೋವಿಗೆ ಒಬ್ಬರು, ಹಲ್ಲುನೋವಿಗೆ ಇನ್ನೊಬ್ಬರು ಬರೆದಿರುತ್ತಾರೆ. ಹೆಸರು ಬೇರೆ, ಕೆಳಗಿನ ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಅಸೆಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325 ಎಂ.ಜಿ. ಎರಡನ್ನೂ ನುಂಗಿದರೆ ಒಂದೇ ಔಷಧಿ ಎರಡು ಪಟ್ಟಾಗುತ್ತದೆ. ಅಸೆಕ್ಲೋಫೆನಾಕ್ 100 ದಿನಕ್ಕೆ ಎರಡೇ, ಹನ್ನೆರಡು ಗಂಟೆಗೊಂದು. ಡೈಕ್ಲೋಫೆನಾಕ್ ದಿನಕ್ಕೆ ಒಟ್ಟು 150 ಎಂ.ಜಿ. ದಾಟಬಾರದು. ಎಸ್.ಆರ್. ಎಂದಿರುವ ಮಾತ್ರೆಯನ್ನು ಪುಡಿ ಮಾಡಬೇಡಿ, ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧಿ ಒಮ್ಮೆಲೇ ಇಳಿಯುತ್ತದೆ. ಮಳೆಗಾಲದ ಜ್ವರ ಡೆಂಗಿ ಅಲ್ಲವೆಂದು ಗೊತ್ತಾಗುವವರೆಗೆ ಮೊದಲು ಹೇಳಿದ ಆ ಮೂರರಲ್ಲಿ ಯಾವ ಮಾತ್ರೆಯೂ ಬೇಡ.

ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾದರೆ, ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಮಾತ್ರೆ ನಿಲ್ಲಿಸಿ ಸೀದಾ ಆಸ್ಪತ್ರೆಗೆ ಹೋಗಿ. ನಮ್ಮಲ್ಲಿಗೆ ಬಂದು ಹೊತ್ತು ಕಳೆಯಬೇಡಿ.

ಚೀಟಿ ಇಲ್ಲದೆ ಬಂದರೂ ಬರಿಗೈಯಲ್ಲಿ ಕಳಿಸುವುದಿಲ್ಲ, ಪ್ಯಾರಾಸಿಟಮಾಲ್ ಸಾಕಾಗುವ ನೋವೇ ಎಂದು ವಿಚಾರಿಸಿ ಕೊಡುತ್ತೇವೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ, ಬೇರೆ ಅಂಗಡಿಯವಾದರೂ ಸರಿ, ಕೂತು ನೋಡಿ ಹೇಳುತ್ತೇವೆ. ಮಧ್ಯಾಹ್ನ ಮೂರರಿಂದ ಐದರವರೆಗೆ ನೂಕುನುಗ್ಗಲು ಇರುವುದಿಲ್ಲ.

ಇಂತಿ,
ನಿಮ್ಮ ಸಹಕಾರಿ ಔಷಧ ಮಳಿಗೆಯವರು