ನ್ಯೂಟ್ರಾನ್ ಗೈಡ್ ನೀರಿನ ಪೈಪಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದ ಲೇಖನ ನ್ಯೂಟ್ರಾನ್ ಗೈಡನ್ನು ನೀರಿನ ಪೈಪಿಗೆ ಹೋಲಿಸಿದೆ. ಹದಿನೆಂಟು ವರ್ಷ ಗೈಡುಗಳನ್ನು ಜೋಡಿಸುತ್ತಲೇ ಕಳೆದ ನನಗೆ ಅದನ್ನು ಓದಿ ಸುಮ್ಮನಿರಲಾಗಲಿಲ್ಲ.

ಗೈಡ್ ಎಂದರೆ ರಿಯಾಕ್ಟರಿನಂಥ ಮೂಲದಿಂದ ನ್ಯೂಟ್ರಾನುಗಳನ್ನು ಪರೀಕ್ಷಿಸಬೇಕಾದ ವಸ್ತುವಿನ, ಅಂದರೆ ಸ್ಯಾಂಪಲ್‌ನ, ತನಕ ಒಯ್ಯುವ, ಒಳಗೋಡೆ ಕನ್ನಡಿಯಂತಿರುವ ಗಾಜಿನ ಕೊಳವೆ. ಪೈಪಿಗೆ ಸುರಿದ ನೀರೆಲ್ಲ ಆಚೆ ಬರುತ್ತದೆ. ನ್ಯೂಟ್ರಾನ್ ಮಾತ್ರ ನಿಕಲ್ ಲೇಪಿಸಿದ ಗಾಜನ್ನು ಸವರಿದಂತೆ ತಾಗಿದರಷ್ಟೇ ಪ್ರತಿಫಲಿಸುತ್ತದೆ. 1 ಆಂಗ್‌ಸ್ಟ್ರಮ್ (ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ತರಂಗದೂರಕ್ಕೆ ಸಿಗುವ ಕೋನ ಸುಮಾರು 0.1 ಡಿಗ್ರಿ, 4 ಆಂಗ್‌ಸ್ಟ್ರಮ್‌ಗೆ 0.4. ಅದಕ್ಕಿಂತ ಕಡಿದಾಗಿ ಬಡಿದದ್ದು ಗಾಜಿನೊಳಗೆ ಹೊಕ್ಕು ನಷ್ಟವಾಗುತ್ತದೆ. ಫೆರೆಂಕ್ ಮೆಝೈ 1976ರಲ್ಲಿ ಸೂಚಿಸಿದ ಸೂಪರ್‌ಮಿರರ್, ಅಂದರೆ ತೆಳು ಪದರಗಳ ಕನ್ನಡಿ, ಈ ಕೋನವನ್ನು ಹಲವು ಪಟ್ಟು ಹಿಗ್ಗಿಸುತ್ತದೆ. ಆದರೆ ಕೋನ ಹೆಚ್ಚಿದಷ್ಟೂ ಪ್ರತಿಫಲನ ಕುಂದುತ್ತದೆ. ಒಂದು ಸಲಕ್ಕೆ ನೂರಕ್ಕೆ ಒಂದು ನಷ್ಟವಾದರೆ 20 ಪ್ರತಿಫಲನದ ಬಳಿಕ 82 ಉಳಿಯುತ್ತವೆ. ನೂರಕ್ಕೆ ಹತ್ತಾದರೆ ಬರೀ 12.

ಹಾಗಾಗಿ ವಿನ್ಯಾಸವನ್ನು ಸ್ಯಾಂಪಲ್‌ನಿಂದ ಆರಂಭಿಸಿ ಮೂಲದ ಕಡೆಗೆ ಹಿಂದಕ್ಕೆ ನಡೆಯಬೇಕು. ಸ್ಯಾಂಪಲ್ ಎಷ್ಟು ದೊಡ್ಡದು, ಯಾವ ತರಂಗದೂರ ಬೇಕು, ಕಿರಣ ಎಷ್ಟು ಹರಡಿದರೆ ಸಹಿಸಬಹುದು? ನಮ್ಮ ಮೊದಲ ಗೈಡಿನಲ್ಲಿ ಇದನ್ನು ಕೇಳದೆ, ಮೂಲದ ಬಾಯಲ್ಲಿ ಸಿಕ್ಕಷ್ಟನ್ನೂ ಬಾಚಿಕೊಂಡೆವು. ಸ್ಯಾಂಪಲ್‌ಗೆ ಬೇಡದ ನ್ಯೂಟ್ರಾನುಗಳೆಲ್ಲ ಸುತ್ತಲಿನ ಲೋಹಕ್ಕೆ ಬಡಿದು ಚದುರಿ, ಅಳತೆಯಲ್ಲಿ ಗದ್ದಲವಾದವು. ಕನ್ನಡಿಗಳಿಂದ ಕಿರಣವನ್ನು ಕಿರಿದಾದ ಜಾಗಕ್ಕೆ ಕೂಡಿಸಿದರೆ ಹರಡುವಿಕೆ ಹೆಚ್ಚುತ್ತದೆ. ಎರಡನ್ನೂ ಒಟ್ಟಿಗೆ ಗೆಲ್ಲಿಸುವ ಕನ್ನಡಿ ಇಲ್ಲ, ಇರಲೂ ಸಾಧ್ಯವಿಲ್ಲ.

ಗೈಡಿಗೆ ಬಾಗು ಕೊಡುವುದೂ ಬೇಡದ್ದು ಸ್ಯಾಂಪಲ್‌ಗೆ ತಲುಪದಿರಲಿ ಎಂಬ ಕಾರಣಕ್ಕೇ. 3 ಸೆಂ.ಮೀ. ಅಗಲದ ಗೈಡನ್ನು 2000 ಮೀಟರ್ ತ್ರಿಜ್ಯದಲ್ಲಿ ಬಾಗಿಸಿದರೆ ಸುಮಾರು 22 ಮೀಟರ್ ಆಚೆ ಮೂಲ ಕಾಣಿಸದು. ನೇರವಾಗಿ ಬರುವ ಗಾಮಾ ಕಿರಣ, ವೇಗದ ನ್ಯೂಟ್ರಾನ್ ಗೋಡೆಯಲ್ಲೇ ನಿಲ್ಲುತ್ತವೆ. ಇದರ ಬೆಲೆ, 3 ಆಂಗ್‌ಸ್ಟ್ರಮ್‌ಗಿಂತ ಕಿರಿದಾದ ತರಂಗಗಳಲ್ಲಿ ಬಹುಪಾಲು ನಿಕಲ್ ಗೈಡಿನಲ್ಲಿ ಉಳಿಯುವುದಿಲ್ಲ.

ಇನ್ನೊಂದು ನೋವು ಇವತ್ತಿಗೂ ಮರೆತಿಲ್ಲ. ಗಾಜಿನ ತುಂಡುಗಳನ್ನು ಕೂದಲೆಳೆಯಷ್ಟೂ ಏರುಪೇರಿಲ್ಲದೆ ಕೂರಿಸಿದ್ದೆವು. ಆಮೇಲೆ ಅದರ ಸುತ್ತ ಟನ್‌ಗಟ್ಟಲೆ ಕಾಂಕ್ರೀಟ್ ರಕ್ಷಾಕವಚ ಏರಿಸಿದರು. ನೆಲ ಕುಸಿಯಿತು, ಕೀಲುಗಳಲ್ಲಿ ಅರ್ಧ ಮಿಲಿಮೀಟರ್ ಮೆಟ್ಟಿಲು ಬಿತ್ತು. ಬರುವ ನ್ಯೂಟ್ರಾನುಗಳನ್ನು ಚಿನ್ನದ ಹಾಳೆಯಿಟ್ಟು ಅಳೆದಾಗ ಲೆಕ್ಕಕ್ಕಿಂತ ನೂರಕ್ಕೆ ಹತ್ತು ಕಡಿಮೆ. ಕವಚ ಬಿಚ್ಚಿ ಮತ್ತೆ ಜೋಡಿಸಲು ಆರು ವಾರ ಹಿಡಿಯಿತು. ಭಾರವನ್ನು ಮೊದಲೇ ಹೇರಿ ನೆಲ ನೆಲೆಯಾದ ಮೇಲೆ ಅಳೆಯಿರಿ ಎಂದು ನಾನು ಬರೆದಿಟ್ಟಿದ್ದ ಟಿಪ್ಪಣಿಯನ್ನು ಯಾರೂ ಓದಿರಲಿಲ್ಲ.

ಮುಂದೆ ಇಂಥ ಕೇಂದ್ರಗಳ ಬಗ್ಗೆ ಬರೆಯುವಾಗ ರಿಯಾಕ್ಟರಿನ ಮೆಗಾವಾಟ್ ಜೊತೆಗೆ, ಸ್ಯಾಂಪಲ್ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಎಷ್ಟು ನ್ಯೂಟ್ರಾನ್, ಎಷ್ಟು ಹರಡಿ ಬೀಳುತ್ತವೆ ಎಂದೂ ದಯವಿಟ್ಟು ಕೇಳಿ ಪ್ರಕಟಿಸಿ.

ಇಂತಿ,
ನಿವೃತ್ತ ಗೈಡ್ ಜೋಡಣೆ ತಂತ್ರಜ್ಞ