ಮೈಲಿ ಕೂಡಿಡುವ ಮುನ್ನ ಟಿಕೆಟ್ ನೋಡಿ

ಮಾನ್ಯ ಸಂಪಾದಕರೇ,

ಪ್ರಯಾಣಕ್ಕೆ ಪಾಯಿಂಟ್ ಅಥವಾ ಮೈಲಿ ಕೊಟ್ಟು, ಅವು ಸಾಕಷ್ಟು ಸೇರಿದಾಗ ಟಿಕೆಟ್ ಕೊಡುವ ವಿಮಾನ ಕಂಪನಿಗಳ ಫ್ರೀಕ್ವೆಂಟ್ ಫ್ಲೈಯರ್ ಸದಸ್ಯತ್ವಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ. ಹಾಗಾಗಿಯೇ ಜನ ನಾಲ್ಕೈದು ಕಡೆ ಹೆಸರು ಬರೆಸಿ, ಎಲ್ಲ ಕಡೆಯೂ ಚೂರುಪಾರು ಪಾಯಿಂಟ್ ಸೇರಿಸಿ, ಯಾವುದೂ ಒಂದು ಟಿಕೆಟ್ಟಿಗೆ ಸಾಲದೆ ಅವಧಿ ಮೀರಿ ಕಳೆದುಕೊಳ್ಳುತ್ತಾರೆ. ನಿಮ್ಮ ಊರಿನಿಂದ ಯಾರ ವಿಮಾನ ಹೊರಡುತ್ತದೆ, ನೀವು ಕೊಳ್ಳುವ ಟಿಕೆಟ್ ಎಂಥದ್ದು ಎಂಬ ಎರಡನ್ನು ನೋಡಿ ಒಂದನ್ನು ಆರಿಸಿಕೊಂಡರೆ ಈ ನಷ್ಟ ತಪ್ಪುತ್ತದೆ.

ಹುಬ್ಬಳ್ಳಿ, ಬೆಳಗಾವಿಯಂಥ ಊರುಗಳಿಂದ ದೇಶದೊಳಗೇ ಓಡಾಡುವವರು ಹೆಚ್ಚಾಗಿ ಹತ್ತುವುದು ಇಂಡಿಗೋ. ಅಂಥವರಿಗೆ ಅದು 2024ರಲ್ಲಿ ತಂದ ಬ್ಲೂಚಿಪ್ ಸದಸ್ಯತ್ವ ಸಾಕು. ಒಂದರಲ್ಲಿ ಹಾರಿ ಇನ್ನೊಂದರಲ್ಲಿ ಪಾಯಿಂಟ್ ಗಳಿಸಲು ಬಿಡುವ ವಿಮಾನ ಕಂಪನಿಗಳ ಮೂರು ದೊಡ್ಡ ಒಕ್ಕೂಟಗಳಿವೆ: ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್, ಸ್ಕೈಟೀಮ್. ಇಂಡಿಗೋ ಇವುಗಳಲ್ಲಿ ಯಾವುದರಲ್ಲೂ ಇಲ್ಲ ಎಂಬುದು ಅವರಿಗೆ ಕೊರತೆಯೇ ಅಲ್ಲ.

ಬೆಂಗಳೂರಿನಿಂದ ವಿದೇಶಕ್ಕೆ ಹೋಗುವವರ ಲೆಕ್ಕ ಬೇರೆ. ಏರ್ ಇಂಡಿಯಾ, ಲುಫ್ತಾನ್ಸಾ, ಸಿಂಗಪುರ ಏರ್‌ಲೈನ್ಸ್ ಸ್ಟಾರ್ ಅಲಯನ್ಸ್‌ನಲ್ಲಿವೆ. ಬ್ರಿಟಿಷ್ ಏರ್‌ವೇಸ್, ಕತಾರ್, ಜಪಾನ್ ಏರ್‌ಲೈನ್ಸ್ ಒನ್‌ವರ್ಲ್ಡ್‌ನಲ್ಲಿ. ಏರ್ ಫ್ರಾನ್ಸ್, ಕೆಎಲ್‌ಎಂ ಸ್ಕೈಟೀಮ್‌ನಲ್ಲಿ. ಎಮಿರೇಟ್ಸ್ ಮತ್ತು ಎತಿಹಾದ್ ಯಾವುದಕ್ಕೂ ಸೇರಿಲ್ಲ. ಹಾರುವ ಕಂಪನಿಯಲ್ಲೇ ಸದಸ್ಯತ್ವ ಇರಬೇಕೆಂಬ ನಿಯಮವಿಲ್ಲ: ಲುಫ್ತಾನ್ಸಾದಲ್ಲಿ ಹಾರಿ ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿಗೆ ಪಾಯಿಂಟ್ ಹಾಕಿಸಬಹುದು. ಒಮ್ಮೆ ಒಂದು ಕಡೆ ಜಮೆಯಾದ ಪ್ರಯಾಣವನ್ನು ಇನ್ನೊಂದಕ್ಕೆ ವರ್ಗಾಯಿಸಲು ಮಾತ್ರ ಬರುವುದಿಲ್ಲ. ಮಂಗಳೂರಿನಿಂದ ಕೊಲ್ಲಿಗೆ ಹೋಗುವವರು ಒಂದನ್ನು ಗಮನಿಸಬೇಕು: ಏರ್ ಇಂಡಿಯಾ ಎಕ್ಸ್‌ಪ್ರೆಸ್ ಟಾಟಾ ಸಮೂಹದ್ದೇ ಆದರೂ ಸ್ಟಾರ್ ಅಲಯನ್ಸ್ ಸದಸ್ಯ ಅಲ್ಲ.

ಹೆಚ್ಚು ಜನ ಎಡವುವುದು ದರದ ದರ್ಜೆಯಲ್ಲಿ. ಎಕಾನಮಿ ಎಂದರೆ ಒಂದೇ ದರ್ಜೆಯಲ್ಲ. ಟಿಕೆಟ್ ಮೇಲೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ, ಎಷ್ಟು ಪಾಯಿಂಟ್ ಎಂಬುದು ಅದರ ಮೇಲೆ ನಿಂತಿದೆ. ಬೆಂಗಳೂರು–ಫ್ರಾಂಕ್‌ಫರ್ಟ್ ಸುಮಾರು 4,600 ಮೈಲಿ. ಪಾಲುದಾರ ಕಂಪನಿಯ ಹಾರಾಟಕ್ಕೆ ದೂರದ ಶೇಕಡಾ ಎಷ್ಟು ಎಂದು ಹೇಳುವ ಪಟ್ಟಿಯಲ್ಲಿ ನಿಮ್ಮ ಅಕ್ಷರಕ್ಕೆ ಶೇ 100 ಇದ್ದರೆ ಅಷ್ಟೂ ಸಿಗುತ್ತದೆ, ಶೇ 25 ಇದ್ದರೆ 1,150 ಮಾತ್ರ. ತೀರಾ ಅಗ್ಗದ ಅಕ್ಷರಗಳಿಗೂ ಏಜೆಂಟರ ಗುಂಪು ಟಿಕೆಟ್ಟಿಗೂ ಬಹಳ ಸಲ ಸೊನ್ನೆ. ಏರ್ ಇಂಡಿಯಾ ತನ್ನ ವಿಮಾನಗಳಿಗೆ 2024ರಿಂದ ದೂರದ ಬದಲು ಕೊಟ್ಟ ಹಣದ ಮೇಲೆ ಪಾಯಿಂಟ್ ಕೊಡುತ್ತಿದೆ. ಕಂಪನಿ ಖರ್ಚಿನಲ್ಲಿ ದುಬಾರಿ ಟಿಕೆಟ್ ಹಿಡಿಯುವವರಿಗೆ ಇದು ಲಾಭ. ತಿಂಗಳುಗಟ್ಟಲೆ ಮೊದಲೇ ಅಗ್ಗದ ಟಿಕೆಟ್ ಹುಡುಕುವ ಕುಟುಂಬಕ್ಕಲ್ಲ.

ಅವಧಿಯಲ್ಲೂ ಎರಡು ಬಗೆ. ಸಿಂಗಪುರದ ಕ್ರಿಸ್‌ಫ್ಲೈಯರ್ ಮೈಲಿಗಳು ಹಾರಿದ 36 ತಿಂಗಳಿಗೆ ಮುಗಿದೇ ಹೋಗುತ್ತವೆ. ಕತಾರ್‌ನ ಪಾಯಿಂಟ್‌ಗಳಾದ ಏವಿಯೋಸ್‌ಗಳಿಗೂ 36 ತಿಂಗಳೇ, ಆದರೆ ನಡುವೆ ಒಂದಿಷ್ಟು ಗಳಿಸಿದರೆ ಅಥವಾ ಖರ್ಚು ಮಾಡಿದರೆ ಲೆಕ್ಕ ಮೊದಲಿನಿಂದ ಶುರು. ಮಕ್ಕಳನ್ನು ನೋಡಲು ಎರಡು ಮೂರು ವರ್ಷಕ್ಕೊಮ್ಮೆ ಅಮೆರಿಕಕ್ಕೆ ಹೋಗುವ ತಂದೆತಾಯಿಗೆ ಈ ಎರಡನೆಯ ಬಗೆಯೇ ಸರಿ. ಮನೆಮಂದಿಯ ಪಾಯಿಂಟ್ ಒಟ್ಟುಗೂಡಿಸುವ ಸೌಲಭ್ಯವೂ ಇದ್ದರೆ ಇನ್ನೂ ಒಳ್ಳೆಯದು. ಎಮಿರೇಟ್ಸ್‌ನಲ್ಲಿ 8 ಜನರವರೆಗೆ ಸೇರಿಸಬಹುದು. ಇಂಥ ತಂದೆತಾಯಿ, ಹೆಚ್ಚು ಹಾರುವ ಸದಸ್ಯರಿಗೆ ಸಿಗುವ ಗೋಲ್ಡ್ ಸ್ಥಾನದ ಬೆನ್ನು ಹತ್ತಬಾರದು. ಲೌಂಜ್, ತೂಕದ ಲೆಕ್ಕವಿರುವ ಕಡೆ 20 ಕಿಲೊ ಹೆಚ್ಚುವರಿ ಲಗೇಜ್ ಕೊಡುವ ಸ್ಟಾರ್ ಅಲಯನ್ಸ್‌ನ ಸ್ಟಾರ್ ಗೋಲ್ಡ್, ಪದೇ ಪದೇ ಹಾರುವ ಉದ್ಯೋಗಿಗೆ ಮಾತ್ರ ಎಟಕುವಂಥದ್ದು.

ನಮ್ಮವರಿಗೇ ಹೆಚ್ಚು ಕಾಡುವ ತೊಡಕು ಹೆಸರಿನದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಒಂದು ಕಂಪನಿ ಅದೇ ಹೆಸರನ್ನು ಎರಡು ಸಲ ಹಾಕುತ್ತದೆ, ಇನ್ನೊಂದು ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂದು ಸೇರಿಸುತ್ತದೆ. ಸದಸ್ಯತ್ವದಲ್ಲಿ ಇನಿಶಿಯಲ್, ಟಿಕೆಟ್ಟಿನಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಕಂಪ್ಯೂಟರ್ ಎರಡನ್ನೂ ಒಬ್ಬರೆಂದು ಒಪ್ಪುವುದಿಲ್ಲ, ಪಾಯಿಂಟ್ ಬೀಳುವುದಿಲ್ಲ. ಟಿಕೆಟ್ಟಿನಲ್ಲಿ ಬರುವ ರೀತಿಯಲ್ಲೇ ಹೆಸರು ನೋಂದಾಯಿಸಿ. ಬೋರ್ಡಿಂಗ್ ಪಾಸಿನಲ್ಲಿ ಸದಸ್ಯತ್ವ ಸಂಖ್ಯೆ ಅಚ್ಚಾಗಿದೆಯೇ ಎಂದು ಕೌಂಟರಿನಲ್ಲೇ ನೋಡಿ. ಪಾಯಿಂಟ್ ಖಾತೆಗೆ ಬರುವ ತನಕ ಪಾಸನ್ನೂ 13 ಅಂಕಿಯ ಟಿಕೆಟ್ ಸಂಖ್ಯೆಯನ್ನೂ ಇಟ್ಟುಕೊಳ್ಳಿ. ಬಿಟ್ಟುಹೋದ ಪಾಯಿಂಟ್ ಕೇಳಲು ಗಡುವು ಇರುತ್ತದೆ, ಹಲವು ಕಡೆ ಆರು ತಿಂಗಳು.

ಪಾಯಿಂಟ್ ಬಳಸುವಾಗ ತೆರಿಗೆ, ಕೆಲವೆಡೆ ಇಂಧನ ಶುಲ್ಕವನ್ನೂ ಕೈಯಿಂದಲೇ ಕೊಡಬೇಕು. ₹9,000ದ ಟಿಕೆಟ್ಟಿಗೆ 12,000 ಪಾಯಿಂಟ್ ಜೊತೆ ₹1,800 ಕೇಳಿದರೆ ಪಾಯಿಂಟ್ ಒಂದಕ್ಕೆ ಸಿಕ್ಕ ಬೆಲೆ 60 ಪೈಸೆ. ಈ ಭಾಗಾಕಾರ ಮಾಡದೆ ಯಾರೂ ಪಾಯಿಂಟ್ ಕೊಳ್ಳಬಾರದು. ಉಳಿತಾಯ ಖಾತೆಯಂತೆ ವರ್ಷಗಟ್ಟಲೆ ಕೂಡಿಡುವುದೂ ಅಪಾಯ: ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಕಿಂಗ್ ಕ್ಲಬ್ ಪಾಯಿಂಟ್‌ಗಳು ಕೆಲಸಕ್ಕೆ ಬಾರದಾದವು.

ದರ್ಜೆಯ ಅಕ್ಷರ ಮತ್ತು ಅದಕ್ಕೆ ಸಿಗುವ ಪಾಯಿಂಟ್ ಎಷ್ಟೆಂದು ಹಣ ಕಟ್ಟುವ ಮೊದಲೇ, ಕನ್ನಡದಲ್ಲೂ ತೋರಿಸುವಂತೆ ವಿಮಾನ ಕಂಪನಿಗಳಿಗೆ ನಾಗರಿಕ ವಿಮಾನಯಾನ ಸಚಿವಾಲಯ ಸೂಚಿಸಬೇಕು. ಸೊನ್ನೆ ಸಿಗುವ ಟಿಕೆಟ್ಟಿನ ಮೇಲೆ ಸೊನ್ನೆ ಎಂದೇ ಕಾಣಲಿ.

– ಓದುಗರು, ಬೆಂಗಳೂರು