ಬಸ್‌ಸ್ಟ್ಯಾಂಡಿಗೆ ಫ್ಲೆಕ್ಸು ಬೇಡ, ಪುಟ್ಟಾ

ಲೆಸ್ಟರ್, ಇಂಗ್ಲೆಂಡ್
19 ನವೆಂಬರ್ 2023

ಪ್ರೀತಿಯ ಪುಟ್ಟನಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಅಪ್ಪ ಅಮ್ಮನಿಗೆ ನಮಸ್ಕಾರ ಹೇಳು. ವಾಟ್ಸಾಪ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಅಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ಇದನ್ನಾದರೆ ಅಮ್ಮನ ಮುಂದೆ ಕೂತು ಓದಲೇಬೇಕು.

ನೀನು ಕಳಿಸಿದ ಫ್ಲೆಕ್ಸ್ ಡಿಸೈನ್ ನೋಡಿದೆ. ಯಾರೋ ಮಾಡೆಲ್ ಹುಡುಗಿ, ಟ್ಯೂಬ್‌ಲೈಟಿನಂಥ ಹಲ್ಲು, ಮೇಲೆ 'ಸ್ಮೈಲ್ ಡಿಸೈನ್ ಅರ್ಧ ಬೆಲೆಗೆ'. ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಲ್ಲಿ ಇದನ್ನು ನೋಡಿ ಯಾರು ಬರುತ್ತಾರೆ ಹೇಳು? ಮಳೆ ಕೈಕೊಟ್ಟಿದೆ, ರೇಷ್ಮೆ ಗೂಡಿನ ರೇಟು ಇಳಿದಿದೆ, ನಿನ್ನ ಹಲ್ಲಿನ ಕ್ಲಿನಿಕ್ಕಿಗೆ ಜನವೇ ಇಲ್ಲ ಅಂತ ನೀನೇ ಹೋದ ವಾರ ಗೋಳು ಹೇಳಿಕೊಂಡೆ.

ಇದೇ ಗೋಳನ್ನು ನಾನು ಇಲ್ಲಿ 2008ರ ಆರ್ಥಿಕ ಕುಸಿತದಲ್ಲಿ ನೋಡಿದ್ದೀನಿ. ನಾನು ಈ ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್‌ಗೆ ಸೇರಿ ವರ್ಷವಾಗಿತ್ತು ಅಷ್ಟೇ. ಆ ಚಳಿಗಾಲದಲ್ಲಿ ಊರೂರಲ್ಲೂ ಇದ್ದ ವೂಲ್‌ವರ್ತ್ಸ್ ಅಂಗಡಿಗಳೇ ಮುಚ್ಚಿಹೋದವು. ಕೊನೆಯ ಅಂಗಡಿಗಳು ಬಾಗಿಲು ಹಾಕಿದ್ದು 2009ರ ಜನವರಿ 6ಕ್ಕೆ. ಅಂಥ ಹೊತ್ತಲ್ಲಿ ಯಾರು ಹಲ್ಲು ಬಿಳಿ ಮಾಡಿಸುತ್ತಾರೆ? ನಮ್ಮ ದೊಡ್ಡ ಡಾಕ್ಟರಿಗೆ ದಿಗಿಲಾಯಿತು. ಪೇಪರಿಗೆ ಜಾಹೀರಾತು ಕೊಟ್ಟರು. ನಿನ್ನ ಹಾಗೇ, ಅರ್ಧ ಬೆಲೆ. ಜನ ಬಂದರು, ಬರಲಿಲ್ಲ ಅಂತಲ್ಲ. ಫೋನು ಎತ್ತಿ ಎತ್ತಿ ನನ್ನ ಕಿವಿ ಕೆಂಪಾಯಿತು. ಆದರೆ ಬಂದವರು ಬಿಳಿ ಮಾಡಿಸಿಕೊಂಡು ಹೋದವರು ಮತ್ತೆ ಮುಖ ಹಾಕಲಿಲ್ಲ. ಅದು ಹಾಳಾಗಲಿ. ಎರಡು ತಿಂಗಳ ಹಿಂದೆ ಪೂರ್ತಿ ದುಡ್ಡು ಕೊಟ್ಟಿದ್ದ ಒಬ್ಬ ಹೆಂಗಸು ಪೇಪರ್ ತುಂಡು ಹಿಡಿದು ಕೌಂಟರಿಗೆ ಬಂದಳು. ಕೂಗಾಡಲಿಲ್ಲ. ಆ ತುಂಡನ್ನು ನನ್ನ ಮುಂದಿಟ್ಟು, ಬೆರಳಿಂದ ಸವರಿ ನೆಟ್ಟಗೆ ಮಾಡಿ, ಹೊರಟುಹೋದಳು. ಅವಳ ಮನೆಯವರೆಲ್ಲ ನಮ್ಮಲ್ಲಿಗೇ ಬರುತ್ತಿದ್ದರು. ಆಮೇಲೆ ಒಬ್ಬರೂ ಬರಲಿಲ್ಲ.

ಕೊನೆಗೆ ಕೈಹಿಡಿದದ್ದು ಏನು ಗೊತ್ತಾ? ಹಳೇ ಕಾರ್ಡುಗಳ ಡಬ್ಬ. ಪೇಶಂಟ್ ಇಲ್ಲದ ಮಧ್ಯಾಹ್ನಗಳಲ್ಲಿ ನಾನು ಒಂದೊಂದೇ ಕಾರ್ಡು ತೆಗೆದು ನೋಡುತ್ತಿದ್ದೆ. ಚೆಕಪ್‌ಗೆ ಬಾರದೆ ವರ್ಷವಾದವರು. ಎಸ್ಟಿಮೇಟ್ ಕೇಳಿ 'ಮನೇಲಿ ಮಾತಾಡ್ತೀವಿ' ಅಂದು ಹೋದವರು. ಅರ್ಧ ಕೆಲಸ ಮಾಡಿಸಿ ಬಿಟ್ಟವರು. ಇವರಿಗೆಲ್ಲ ಕೈಯಲ್ಲೇ ಕಾರ್ಡು ಬರೆದು ಪೋಸ್ಟ್ ಮಾಡಿದೆ. 'ನಿಮ್ಮ ಎಡಗಡೆ ದವಡೆ ಹಲ್ಲಿನ ತಾತ್ಕಾಲಿಕ ಸಿಮೆಂಟು ಇಷ್ಟು ದಿನ ತಡೆಯೋದಿಲ್ಲ, ಒಂದ್ಸಲ ತೋರಿಸಿ ಹೋಗಿ' ಅಂತ. ಆಫರ್ ಇಲ್ಲ, ಏನಿಲ್ಲ. ತಮ್ಮ ಹಲ್ಲು ಯಾರಿಗೋ ನೆನಪಿದೆ ಅಂತ ಜನಕ್ಕೆ ಅನ್ನಿಸಿತು. ಬಂದರು. ಆ ವರ್ಷ ಕ್ಲಿನಿಕ್ ಉಳಿದದ್ದು ಅವರಿಂದ.

ಈಗಲೂ ಅದೇ ಕಥೆ ಶುರುವಾಗಿದೆ. ಹೋದ ವರ್ಷ ಅಕ್ಟೋಬರಲ್ಲಿ ಇಲ್ಲಿ ಬೆಲೆ ಏರಿಕೆ ಶೇ. 11.1 ಮುಟ್ಟಿತ್ತು. ಎರಡು ವರ್ಷದ ಹಿಂದೆ ಶೇ. 0.1 ಇದ್ದ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ಈಗ 5.25. ಮನೆ ಸಾಲದ ಕಂತು ಕಟ್ಟಿ ಉಳಿದರೆ ತಾನೇ ಹಲ್ಲಿಗೆ? ಹಲ್ಲಿನ ಮೇಲೆ ಅಂಟಿಸುವ ತೆಳು ಹೊದಿಕೆ, ಆ ವಿನೀರ್ ಹತ್ತು ಬೇಕು ಅಂತ ಬಂದವರು ಈಗ ಮುಂದಿನ ಎರಡು ಹಲ್ಲಿಗೆ ಕಾಂಪೊಸಿಟ್, ಅಂದರೆ ಹಲ್ಲಿನ ಬಣ್ಣದ ಅಗ್ಗದ ಲೇಪ, ಸಾಕು ಅನ್ನುತ್ತಾರೆ. ನಮ್ಮ ಡಾಕ್ಟರು ಈಗ ಬೇಜಾರು ಮಾಡಿಕೊಳ್ಳೋದಿಲ್ಲ, ಎರಡೇ ಮಾಡಿ ಕಳಿಸುತ್ತಾರೆ.

ನಿನ್ನ ಹತ್ತಿರವೂ ರಿಜಿಸ್ಟರ್ ಇದೆ ಅಲ್ವಾ? ನಾಲ್ಕು ವರ್ಷದ್ದು. ಅದನ್ನು ತೆಗೆ. ಆದರೆ ಫೋನು ಮಾಡುವ ಮೊದಲು ಯಾರ ಮನೆಯಲ್ಲಿ ರೇಷ್ಮೆ ಹುಳು ಯಾವ ಹಂತದಲ್ಲಿದೆ ಅಂತ ವಿಚಾರಿಸು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಸುರಿಯುತ್ತಿರುವವರನ್ನು ಹಲ್ಲು ತೋರಿಸೋಕೆ ಬನ್ನಿ ಅಂತ ಕರೆದರೆ ಬೈಯುತ್ತಾರೆ. ಆ ವಾರ ನಮ್ಮಮ್ಮ ಊಟಕ್ಕೇ ಕೂರುತ್ತಿರಲಿಲ್ಲ. ಹಣ್ಣಾದ ಹುಳುವನ್ನು ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಟ್ಟು, ಗೂಡು ಬಿಡಿಸಿ, ಮಾರ್ಕೆಟ್ಟಿಗೆ ಹಾಕಿ, ದುಡ್ಡು ಖಾತೆಗೆ ಬಿದ್ದ ಮೇಲೆ ಕರೆ. ಇಲ್ಲಿ ನಾವು ದೊಡ್ಡ ಕೆಲಸಕ್ಕೆ ಬಡ್ಡಿ ಇಲ್ಲದೆ ತಿಂಗಳ ಕಂತು ಮಾಡಿಕೊಡುತ್ತೇವೆ. ಸಂಬಳದವರಿಗೆ ಅದು ಸರಿ. ನಮ್ಮೂರಲ್ಲಿ ತಿಂಗಳ ಸಂಬಳ ಎಷ್ಟು ಜನಕ್ಕಿದೆ? ನೀನು ಬೆಳೆ ಕಂತು ಮಾಡು. ಈ ಗೂಡಿಗೆ ಇಷ್ಟು, ಮುಂದಿನ ಗೂಡಿಗೆ ಇಷ್ಟು. ಬೆಳೆ ಕೆಟ್ಟರೆ ಅದರ ಮುಂದಿನದಕ್ಕೆ. ಸೊಪ್ಪು ಮಾರುವವರ ಹತ್ತಿರ ಅಪ್ಪ ಮಾಡುತ್ತಿದ್ದ ಲೆಕ್ಕವೇ ಇದು.

ಅಪ್ಪ ಅಂದಾಗ ನೆನಪಾಯಿತು. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿ, ಗೂಡಿನ ರೇಟು ಪಾತಾಳಕ್ಕೆ ಹೋಯಿತಲ್ಲ, ಆಗ ನೀನಿನ್ನೂ ಸ್ಕೂಲು. ಅಪ್ಪನ ದವಡೆ ಹಲ್ಲು ನೋಯುತ್ತಿತ್ತು. ರೂಟ್ ಕೆನಾಲ್ ಮಾಡಿದರೆ ಉಳಿಯುತ್ತೆ ಅಂದರು ಡಾಕ್ಟರು. ಅಪ್ಪ ರೇಟು ಕೇಳಿ 'ಕಿತ್ತುಬಿಡಿ ಸ್ವಾಮಿ' ಅಂದುಬಿಟ್ಟರು. ಕಂತಲ್ಲಿ ಕೊಡಿ ಅಂತ ಅವತ್ತು ಒಬ್ಬರು ಹೇಳಿದ್ದರೆ ಆ ಸಂದು ಇವತ್ತು ಇರುತ್ತಿರಲಿಲ್ಲ. ನಕ್ಕಾಗ ಕಾಣುತ್ತೆ, ನೋಡು.

ಇನ್ನು ಅಂದದ ವಿಷಯ. ಇಲ್ಲಿ ಅಂದ ಅಂದರೆ ಕಾಫಿ ಕಲೆ, ವೈನ್ ಕಲೆ. ನಮ್ಮಲ್ಲಿ ಫ್ಲೋರೈಡು. ಸಾವಿರ ಅಡಿ ಬೋರಿನ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಲ್ಲಿ ಕಂದು ಪಟ್ಟೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿನಗೆ ನಾನು ಹೇಳಬೇಕಾ? ಹುಡುಗಿ ನೋಡಲು ಬಂದವರ ಮುಂದೆ ನಾನು ತುಟಿ ಬಿಗಿಹಿಡಿದು ಕೂತಿದ್ದು ನಿನಗೆ ನೆನಪಿರಲಾರದು. ನನ್ನ ಮದುವೆ ಆಲ್ಬಂ ತೆಗೆದು ನೋಡು. ಒಂದರಲ್ಲೂ ಹಲ್ಲು ಕಾಣಿಸೋದಿಲ್ಲ. ಹೀಗಿರುವ ಹುಡುಗಿಯರು ನಿನ್ನ ರಿಜಿಸ್ಟರಲ್ಲೇ ಎಷ್ಟು ಜನ ಇದ್ದಾರೋ. ಆ ಮಾಡೆಲ್ ಫೋಟೋ ನೋಡಿದರೆ ಅವರು ಇನ್ನೂ ದೂರ ಹೋಗುತ್ತಾರೆ. ಬಂದವರಿಗೆ ನೆಟ್ಟಗೆ ಸೆರಾಮಿಕ್ ವಿನೀರ್ ಹೇಳಬೇಡ. ಮೇಲುಮೇಲಿನ ಕಲೆಯಾದರೆ ಮೈಕ್ರೊ ಅಬ್ರೇಷನ್, ಅಂದರೆ ಕಲೆಯನ್ನಷ್ಟೇ ತೆಳುವಾಗಿ ಉಜ್ಜಿ ತೆಗೆಯೋದು, ಬೇಕಾದರೆ ಆಮೇಲೆ ಬ್ಲೀಚಿಂಗ್. ಅದರಲ್ಲಿ ನಿನಗೆ ದುಡ್ಡು ಕಮ್ಮಿ, ಗೊತ್ತು. ಆದರೆ ಸೆರಾಮಿಕ್ ಕೂರಿಸೋಕೆ ಅಂತ ಒಮ್ಮೆ ತೇಯ್ದು ತೆಗೆದ ಎನಾಮೆಲ್, ಹಲ್ಲಿನ ಆ ಗಟ್ಟಿ ಮೇಲ್ಪದರ, ಮತ್ತೆ ಬರುತ್ತಾ? ಸಣ್ಣ ಮಕ್ಕಳಿಗೆ ಬ್ಲೀಚಿಂಗ್ ಮಾಡಿ ಅಂತ ತಾಯಂದಿರು ಹಠ ಹಿಡಿದರೆ ಒಪ್ಪಬೇಡ. ಇಲ್ಲಿ 2012ರಿಂದ 18 ವರ್ಷದೊಳಗಿನವರಿಗೆ ಸುಮ್ನೆ ಅಂದಕ್ಕೆ ಅಂತ ಮಾಡುವ ಹಾಗೇ ಇಲ್ಲ.

ಅಂದಹಾಗೆ ನಮ್ಮ ದೇಶದ ಡೆಂಟಲ್ ಕೌನ್ಸಿಲ್‌ನ 2014ರ ನೀತಿ ನಿಯಮ ನೀನು ಓದಿರುತ್ತೀಯ. ಆಫರ್ ಹಾಕಿ ಜನ ಎಳೆಯೋದು ಅದಕ್ಕೂ ಸರಿಹೋಗಲ್ಲ. ಫ್ಲೆಕ್ಸಿನ ದುಡ್ಡಲ್ಲಿ ಒಂದು ರೇಟ್ ಬೋರ್ಡ್ ಬರೆಸಿ ಒಳಗೆ ಹಾಕು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ರೇಟು ಕೇಳೋಕೆ ನಾಚಿಕೊಂಡು ಬಾಗಿಲಿಂದಲೇ ವಾಪಸ್ ಹೋಗುವವರು ಎಲ್ಲ ಕಡೆ ಇದ್ದಾರೆ.

ಅಮ್ಮನಿಗೆ ಮಂಡಿಗೆ ಹಾಕುವ ಪಟ್ಟಿ ಕಳಿಸಿದ್ದೀನಿ. ಬೀರುವಿನಲ್ಲಿ ಇಟ್ಟುಬಿಡುತ್ತಾಳೆ, ನೀನೇ ಕಟ್ಟು.

ಏಪ್ರಿಲಲ್ಲಿ ಬರುತ್ತೀನಿ. ಇಷ್ಟು ವರ್ಷ ಇಲ್ಲಿನ ಡಾಕ್ಟರು ಪುಕ್ಕಟೆ ಮಾಡುತ್ತೀನಿ ಅಂದರೂ ಬಾಯಿ ತೆರೆದಿಲ್ಲ. ನನ್ನ ಮುಂದಿನ ನಾಲ್ಕು ಹಲ್ಲು ನೀನೇ ಮಾಡು. ಬೋರ್ಡಿನಲ್ಲಿರುವ ಪೂರ್ತಿ ರೇಟು ಕೊಡುತ್ತೀನಿ, ಎರಡು ಕಂತಲ್ಲಿ. ಆದರೆ ನನ್ನ ಫೋಟೋ ಗೋಡೆಗೆ ಹಾಕುವ ಹಾಗಿಲ್ಲ.

ಇಂತಿ ನಿನ್ನ
ಅಕ್ಕ